ಗುಡ್ಡಕ್ಕೆ ನಾನು ಬರೆದ ಕಾಯಿದೆ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ ಇರುತ್ತದೆ, ನನಗೆ ಸಿಟ್ಟು ಇದೆ. ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ನಾಚಿಕೆಪಟ್ಟುಕೊಂಡು ಹೇಳುವ ಹಾಗೂ ಇಲ್ಲ, ಏಕೆಂದರೆ ನನ್ನ ಮನೆಯ ಒಲೆ ಉರಿಯುವುದೇ ಅದರಿಂದ. ನಾನು ಅರ್ಜಿ ಬರೆಯುವವನು. ಗದುಗಿನ ದೊಡ್ಡ ಕಚೇರಿಯೊಂದರ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ನನ್ನದೊಂದು ಟೇಬಲ್ಲು, ಒಂದು ಹಳೆಯ ಟೈಪ್‌ರೈಟರು, ಎದುರಿಗೆ ಎರಡು ಸ್ಟೂಲು ಇವೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಜನ ತಮ್ಮ ತಕರಾರು ಹೊತ್ತು ಬಂದು ಆ ಸ್ಟೂಲಿನ ಮೇಲೆ ಕೂಡುತ್ತಾರೆ. ಅವರ ತಕರಾರು ಬಹಳ ಸಲ ಸಪ್ಪೆಯಾಗಿರುತ್ತದೆ. "ನಮ್ಮ ಓಣ್ಯಾಗ ಎಂಟ ದಿನಾ ಆತು, ನಳಾ ಬಂದಿಲ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅದಕ್ಕೆ ಉಪ್ಪು ಖಾರ ಹಚ್ಚಿ, "ಗಂಟಲೊಣಗಿ ನರಳುತ್ತಿರುವ ಹಸುಗೂಸುಗಳ ಆಕ್ರಂದನವು ತಮ್ಮ ಕಿವಿಗೆ ಬೀಳದೇ ಇರುವುದು ಅತ್ಯಂತ ಖೇದಕರ" ಎಂದು ಬರೆದು ಓದಿ ಹೇಳಿದಾಗ, ತಮಗೆ ಇಷ್ಟೊಂದು ಕಷ್ಟವಿತ್ತೇ ಎಂದು ಅವರಿಗೇ ಕಣ್ಣಲ್ಲಿ ನೀರು ಬರುತ್ತದೆ.

ಗದಗ ಜಿಲ್ಲೆಯಾದದ್ದರಿಂದ ಯಾರ್ಯಾರಿಗೆ ಏನೇನು ಲಾಭವಾಯಿತೋ ನನಗೆ ಗೊತ್ತಿಲ್ಲ, ನನಗಂತೂ ಆಗಿದೆ. ಮೊದಲು ನಮ್ಮ ಜನರಿಗೆ ಸಿಟ್ಟು ಬಂದರೆ ಧಾರವಾಡಕ್ಕೆ ಹೋಗಬೇಕಾಗಿತ್ತು. ಬಸ್ಸು ಅಣ್ಣಿಗೇರಿ ದಾಟುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಹುಬ್ಬಳ್ಳಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿದರೆ ಉಳಿದರ್ಧವೂ ಹೋಗಿ, "ಎಲ್ಲಿ ಬಿಡೋ ಮಾರಾಯಾ" ಎಂದು ಬಟ್ಟೆ ಅಂಗಡಿ ಸುತ್ತಿ ಮನೆಗೆ ಬರುತ್ತಿದ್ದರು. ಈಗ ಕಚೇರಿ ಮನೆಯ ಬಾಗಿಲಿಗೇ ಬಂದಿದೆ. ಸಿಟ್ಟು ಬಂದ ಅರ್ಧ ತಾಸಿನಲ್ಲಿ, ಇನ್ನೂ ಹಬೆಯಾಡುತ್ತಿರುವಾಗಲೇ, ಅದು ನನ್ನ ಟೇಬಲ್ಲಿಗೆ ಬರುತ್ತದೆ. ದಿನಕ್ಕೆ ಎಂಟು ಹತ್ತು ಮಂದಿಯ ಸಿಟ್ಟನ್ನು ನನ್ನದೆಂದುಕೊಂಡು ಟೈಪು ಮಾಡಿ ಸಂಜೆ ಬೆಟಗೇರಿಯ ಮನೆಗೆ ಹೋದರೆ, ಚಹಾದಲ್ಲಿ ಸಕ್ಕರೆ ಕಡಿಮೆಯಾದದ್ದಕ್ಕೂ "ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂಬ ದನಿಯಲ್ಲೇ ಮಾತು ಶುರುವಾಗುತ್ತದೆ. ಒಂದು ದಿನ ನನ್ನ ಹೆಂಡತಿ ಶಾಂತಾ ಕೈಮುಗಿದು, "ವಾರಕ್ಕೊಂದಿನ ಆ ಗುಡ್ಡಕ್ಕರ ಹೋಗಿ ಬರ್ರಿ. ನಿಮಗೂ ಗಾಳಿ ಬಡದಂಗ ಆಗತೈತಿ, ಮನಿನೂ ತಣ್ಣಗಿರತೈತಿ" ಎಂದಳು. ಹೀಗೆ ನಾನು ಕಪ್ಪತಗುಡ್ಡದ ಪ್ರೇಮಿಯಾದೆ.

ಪ್ರೇಮಿ ಎಂದದ್ದು ಸುಳ್ಳಲ್ಲ. ರವಿವಾರ ಬೆಳಗ್ಗೆ ನಾವು ಐದಾರು ಜನ ಡಂಬಳದ ದಾರಿ ಹಿಡಿದು ಹೋಗಿ, ಗುಡ್ಡದ ಬುಡದಲ್ಲಿ ಸ್ಕೂಟರು ನಿಲ್ಲಿಸಿ, ಕಾಲುದಾರಿಯಲ್ಲಿ ಏರಲು ಶುರು ಮಾಡುತ್ತಿದ್ದೆವು. ನಮ್ಮದು ಬಯಲುಸೀಮೆ. ಜೋಳ ನೋಡಿ, ಕಡಲೆ ನೋಡಿ, ಕರಿಮಣ್ಣು ನೋಡಿ ಬೆಳೆದ ಕಣ್ಣು. ಮೊಳಕಾಲೆತ್ತರದ ಹುಲ್ಲಿನ ಗುಡ್ಡವೇ ನಮಗೆ ಮಹಾರಣ್ಯ. ಆ ಹುಲ್ಲಿನಲ್ಲಿ ನವಿಲು ಇವೆ, ತೋಳ ಇವೆ, ಮುಳ್ಳುಹಂದಿ ಇವೆ, ಚಿರತೆಯೂ ಇದೆ ಎನ್ನುತ್ತಾರೆ. ನಾನು ಒಂದು ಸಲ ಕೊಂಡುಕುರಿಯನ್ನು ಕಂಡಿದ್ದೇನೆ. ಬಂಡೆಯ ಮಗ್ಗುಲಿಗೆ ನಿಂತು ನನ್ನನ್ನೇ ನೋಡುತ್ತಿತ್ತು. ತಲೆಯ ಮೇಲೆ ನಾಲ್ಕು ಪುಟ್ಟ ಕೋಡು, ಮೂಗು ಹಸಿಯಾಗಿ ಹೊಳೆಯುತ್ತಿತ್ತು. ಐವತ್ತು ವರ್ಷದಲ್ಲಿ ಯಾರ ಮೇಲೂ ಯಾವುದರ ಮೇಲೂ ಸಿಟ್ಟಿಲ್ಲದೆ ನಾನು ಕಳೆದ ನಿಮಿಷ ಅದೊಂದೇ ಇರಬೇಕು. ಅಷ್ಟರಲ್ಲಿ ಕೆಳಗೆ ಯಾರದೋ ಕಾರಿನಿಂದ ಧಡಧಡ ಎಂದು ಹಾಡು ಶುರುವಾಯಿತು. ನಾನು ತಿರುಗಿ, "ಯಾರಲೇ ಅಂವಾ!" ಎಂದು ಒದರಿದೆ. ಮತ್ತೆ ನೋಡಿದರೆ ಕೊಂಡುಕುರಿ ಇರಲಿಲ್ಲ. ಅದು ಓಡಿದ್ದು ಹಾಡಿಗೋ ನನ್ನ ದನಿಗೋ ಎಂಬ ಬಗ್ಗೆ ನಮ್ಮ ಗೆಳೆಯರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

ನನ್ನನ್ನು ಕೆರಳಿಸಿದ್ದು ಈ ಕಾರಿನವರು. ಹುಬ್ಬಳ್ಳಿಯಿಂದ ಬರುತ್ತಾರೆ, ಗದುಗಿನಿಂದಲೂ ಬರುತ್ತಾರೆ; ಆದರೆ ಸಿಟ್ಟು ಮಾಡುವಾಗ ಹುಬ್ಬಳ್ಳಿಯವರು ಎಂದರೆ ಬಾಯಿಗೆ ಹಿತವಾಗಿರುತ್ತದೆ. ಬಂದವರು ಗುಡ್ಡ ಏರುವುದಿಲ್ಲ. ಬುಡದಲ್ಲಿ ಜಮಖಾನೆ ಹಾಸುತ್ತಾರೆ, ಡಬ್ಬಿ ಬಿಚ್ಚುತ್ತಾರೆ, ಚಿಪ್ಸಿನ ಪಾಕೀಟು ಹರಿಯುತ್ತಾರೆ, ತಿನ್ನುತ್ತಾರೆ, ಪಾಕೀಟನ್ನು ಗಾಳಿಗೆ ಬಿಡುತ್ತಾರೆ. ಒಬ್ಬ ಪುಣ್ಯಾತ್ಮ ನನ್ನನ್ನೇ ನಿಲ್ಲಿಸಿ, "ಏನ್ರೀ, ಮುಂಜಾನಿಂದ ಕುಂತೇವಿ, ಒಂದು ಪ್ರಾಣಿನೂ ಬರಲಿಲ್ಲಲ್ರೀ ಇಲ್ಲೆ?" ಎಂದು ಕೇಳಿದ, ಪ್ರಾಣಿಗಳು ಇವನಿಗೆ ಹಾಜರಿ ಹಾಕಬೇಕಾಗಿತ್ತೆಂಬಂತೆ. ಬರುವ ಪ್ರಾಣಿ ಒಂದೇ, ಮಂಗ. ಮಂಗಗಳಿಗೆ ಇವರು ಬಾಳೆಹಣ್ಣು ಕೊಟ್ಟರು, ಬಿಸ್ಕೀಟು ಕೊಟ್ಟರು, ಭಜಿ ಕೊಟ್ಟರು, ಮೈಮೇಲೆ ಕೂಡಿಸಿಕೊಂಡು ಫೋಟೋ ತೆಗೆಸಿಕೊಂಡರು. ಗುಡ್ಡದ ತುಂಬ ಕಾರಿ ಹಣ್ಣು, ಬಿಕ್ಕಿ ಹಣ್ಣು ತಿಂದುಕೊಂಡಿದ್ದ ಮಂಗಗಳು ಈಗ ರಸ್ತೆಯ ಬದಿಗೆ ಸಾಲಾಗಿ ಕೂತು ಕಾರಿನ ಸಪ್ಪಳಕ್ಕೆ ಕಿವಿ ಕೊಡುವ ಗತಿಗೆ ಬಂದವು. ಎರಡು ಮಂಗ ಗಾಲಿಗೆ ಸಿಕ್ಕು ಸತ್ತವು. ಅದರಲ್ಲೊಂದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಆದರೆ ನಿಜ ಹೇಳಬೇಕು. ನನ್ನ ಅರಣ್ಯಪ್ರೇಮ ಹೋರಾಟವಾಗಿ ಮಾರ್ಪಟ್ಟದ್ದು ಮರುವಾರ, ಶೇಂಗಾ ಹೋಳಿಗೆಯ ದೆಸೆಯಿಂದ. ಶಾಂತಾ ಕಟ್ಟಿಕೊಟ್ಟ ಆರು ಹೋಳಿಗೆ ಸ್ಕೂಟರಿನ ಮುಂದಿನ ಚೀಲದಲ್ಲಿದ್ದವು. ಒಂದು ಮಂಗ ಬಂದು ಚೀಲದಿಂದ ಡಬ್ಬಿ ತೆಗೆದು, ಡಬ್ಬಿಯ ಕ್ಲಿಪ್ಪನ್ನು ನನಗಿಂತ ಚೆನ್ನಾಗಿ ತೆಗೆದು, ನನ್ನ ಕಣ್ಣ ಮುಂದೆಯೇ ಆರೂ ಹೋಳಿಗೆ ತಿಂದಿತು. ಏಳನೆಯದು ಇದೆಯೇ ಎಂದು ಡಬ್ಬಿಯನ್ನು ಬೋರಲು ಹಾಕಿಯೂ ನೋಡಿತು. ಆ ದಿನವೇ ನಾನು ಮಂಗಕ್ಕೆ ಈ ಚಟ ಹಚ್ಚಿದವರನ್ನು ಬಿಡಬಾರದೆಂದು ನಿಶ್ಚಯಿಸಿದೆ.

ಗುಡ್ಡದ ಆ ಮಗ್ಗುಲನ್ನು ಕಾಯುವ ವಾಚರ್ ಹುಸೇನಸಾಬ. ಬುಡದ ಹಳ್ಳಿಯವನೇ, ಮೆತ್ತಗಿನ ಮನುಷ್ಯ, ಖಾಕಿ ಅಂಗಿಯ ಮೇಲೆ ಸದಾ ಒಂದು ಟವೆಲ್ಲು. ತಿನಿಸು ಹಾಕುವವರಿಗೆ ಅವನು ಹೇಳುತ್ತಿದ್ದುದು ಇಷ್ಟೇ: "ಹಂಗ ಮಾಡಬಾರದ್ರೀ ಯಪ್ಪಾ." ಅವರು ನಕ್ಕು ಇನ್ನೊಂದು ಬಾಳೆಹಣ್ಣು ಸುಲಿಯುತ್ತಿದ್ದರು. ಕೇಸು, ಕೋರ್ಟು ಎಂದರೆ ಒಂದು ಬಿಸ್ಕೀಟಿಗೆ ಯಾರು ಓಡಾಡುತ್ತಾರೆ? ಅದಕ್ಕೆ ನಮ್ಮ ರವಿವಾರದ ಬಳಗ ಒಂದು ಉಪಾಯ ಹೂಡಿತು. ಸಿಕ್ಕಿಬಿದ್ದವರಿಂದ ಒಂದು ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವುದು, ಮಾಡಿದರೆ ಬಿಡುವುದು. ಅರಣ್ಯ ಇಲಾಖೆಯ ಮೇಲಿನವರೂ ಆಗಲಿ ಎಂದರು. ಪತ್ರ ಬರೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಇಷ್ಟು ವರ್ಷ ಬೇರೆಯವರ ಸಿಟ್ಟನ್ನು ಟೈಪು ಮಾಡಿದವನಿಗೆ ಮೊದಲ ಸಲ ಸ್ವಂತ ಸಿಟ್ಟನ್ನು ಟೈಪು ಮಾಡುವ ಭಾಗ್ಯ. ಎರಡು ದಿನ ಗಿರಾಕಿಗಳನ್ನು ವಾಪಸು ಕಳಿಸಿ ಕೂತು ಬರೆದೆ.

"ಕೆಳಗೆ ಸಹಿ ಮಾಡಿದ ನಾನು, ಮನುಷ್ಯಜನ್ಮ ಎತ್ತಿಯೂ ಮಂಗನಿಗಿರುವಷ್ಟು ವಿವೇಕವಿಲ್ಲದೆ, ಈ ಗುಡ್ಡದ ಮೂಕಪ್ರಾಣಿಗಳಿಗೆ ತಿನಿಸು ಹಾಕಿ ಅವುಗಳ ಬಾಳು ಕೆಡಿಸಿದ ತಿಳಿಗೇಡಿಯಾಗಿರುತ್ತೇನೆ. ನನ್ನನ್ನು ಹೆತ್ತವರು ನನಗೆ ಕಲಿಸಬೇಕಾದದ್ದನ್ನು ಕಲಿಸಿರುವುದಿಲ್ಲ." ಹೀಗೆ ಶುರುವಾಗುತ್ತಿತ್ತು. ಹುಸೇನಸಾಬ ಅದನ್ನು ಎರಡು ಸಲ ಓದಿ, ತಲೆ ಕೆರೆದುಕೊಂಡು, "ಮಾಸ್ತರ್ರ, ಖಾರ ಒಂದೀಟು ಹೆಚ್ಚಾತೇನ್ರೀ? ಹೆತ್ತಾರ್ನ್ಯಾಕ ಎಳ್ಯೂದ್ರೀ ನಡಕ?" ಎಂದ. ನಾನು ಮಾಸ್ತರನಲ್ಲ, ಆದರೆ ಬರೆಯುವವರನ್ನೆಲ್ಲ ನಮ್ಮ ಕಡೆ ಮಾಸ್ತರ ಎನ್ನುತ್ತಾರೆ. "ಹೆತ್ತಾರ ಹೆಸರ ತಗದ್ರನ ನಾಟೂದು ಹುಸೇನಸಾಬ್. ನಿನಗ ತಿಳಿಯೂದಿಲ್ಲ ಬಿಡು" ಎಂದೆ.

ನನ್ನ ಕಸಬಿನಲ್ಲಿ ಒಂದು ನಿಯಮವಿದೆ. ಅರ್ಜಿಯಲ್ಲಿ ತೂತು ಇರಬಾರದು. ಎದುರಿನವನು ನುಸುಳಿಹೋಗುವ ಸಂದಿಗಳನ್ನೆಲ್ಲ ಮೊದಲೇ ಮುಚ್ಚಬೇಕು. ಮೊದಲ ರವಿವಾರ ಒಬ್ಬ, "ನಾ ಏನ ಒಗದಿಲ್ರೀ, ಇಟ್ಟೇನಿ ಅಷ್ಟ" ಎಂದ. ಮರುವಾರವೇ ನಾನು ಪತ್ರದಲ್ಲಿ "ಒಗೆಯುವುದಾಗಲಿ, ಇಡುವುದಾಗಲಿ, ಬಿಡುವುದಾಗಲಿ, ಚೆಲ್ಲುವುದಾಗಲಿ" ಎಂದು ಸೇರಿಸಿದೆ. ಒಬ್ಬ ಹೆಣ್ಣುಮಗಳು, "ಶನಿವಾರ ಹಣಮಪ್ಪಗ ಬೇಡಕೊಂಡಿದ್ದೆ, ಅದಕ್ಕ ಮಂಗ್ಯಾಗ ಕೊಟ್ಟೆ" ಎಂದಳು. "ದೇವರ ಹೆಸರಿನಲ್ಲಾಗಲಿ, ಹಿರಿಯರ ಹೆಸರಿನಲ್ಲಾಗಲಿ, ಹಬ್ಬಹರಿದಿನದ ನೆಪದಲ್ಲಾಗಲಿ" ಎಂದು ಸೇರಿಸಿದೆ. ಇನ್ನೊಬ್ಬ ಹೆಂಡತಿಯ ಕಡೆಗೆ ಬೆರಳು ತೋರಿಸಿದ. "ತಾವೇ ಆಗಲಿ, ಮನೆಯವರ ಮೂಲಕವಾಗಲಿ" ಎಂಬುದೂ ಬಂತು. ಸಂಕ್ರಾಂತಿಗೆ ಇನ್ನೂ ತಿಂಗಳಿರುವಾಗಲೇ ಆ ಪತ್ರದಲ್ಲಿ ಇರುವೆ ನುಸುಳುವಷ್ಟೂ ಸಂದಿ ಉಳಿದಿರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಸಹಿ ಮಾಡುವಾಗ ಅತ್ತಳು. ನಾನು ಪಕ್ಕದಲ್ಲಿ ನಿಂತು, ಎರಡನೆಯ ಸಾಲು ಸರಿಯಾಗಿ ನಾಟಿತು ಎಂದು ಖುಷಿಪಟ್ಟೆ. ಈಗ ಅದನ್ನು ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಇನ್ನು ನನ್ನ ಅವ್ವನ ವಿಷಯ. ಅವ್ವನ ಹೆಸರು ನೀಲವ್ವ, ಎಂಬತ್ತರ ಹತ್ತಿರ ವಯಸ್ಸು. ನಾವು ನೇಕಾರರು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವಾಗ ಅವ್ವ ಮಗ್ಗುಲಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಮಗೆ ಒಂದು ಗೇಣು ಹೊಲವಿಲ್ಲ. ಎಳ್ಳ ಅಮಾಸಿಯ ದಿನ ಹೊಲವಿದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯೆಲ್ಲವನ್ನೂ ಚೂರು ಚೂರು ಕಲಸಿ ಬುಟ್ಟಿಯಲ್ಲಿ ಹೊತ್ತು, ಬೆಳೆಯ ನಡುವೆ ಎರಚುತ್ತ ಹೋಗುತ್ತಾರೆ. ಹಿಂದೆ ಒಬ್ಬ ನೀರು ಚಿಮುಕಿಸುತ್ತ "ಹುಲಿಗ್ಯೋ, ಹುಲಿಗ್ಯೋ" ಎಂದು ಕೂಗುತ್ತಾನೆ. ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸುವ ಊಟ ಅದು. ಅಪ್ಪನಿಗೆ ಹೊಲವಿಲ್ಲದ್ದಕ್ಕೆ ಚರಗ ತಪ್ಪುವುದು ಸಹಿಸಲಾಗಲಿಲ್ಲ. ಒಂದು ವರ್ಷ ಅವ್ವನನ್ನು ಕರೆದುಕೊಂಡು ಸೀದಾ ಗುಡ್ಡದ ಬುಡಕ್ಕೆ ಹೋದನಂತೆ. "ನಾವು ಉಣ್ಣೂ ಜ್ವಾಳ ಯಾರ ಹೊಲದ್ದೋ ಏನೋ. ಎಲ್ಲಾರ ಹೊಲಾನೂ ಮ್ಯಾಲ ನಿಂತು ನೋಡೂದು ಈ ಗುಡ್ಡ. ಇದರ ಕಾಲಾಗ ಚೆಲ್ಲೋಣು, ಎಲ್ಲಾ ಕಡಿ ಮುಟ್ಟತೈತಿ" ಎಂದನಂತೆ. ಆ ವರ್ಷದಿಂದ ನಮ್ಮ ಮನೆಯ ಚರಗ ಗುಡ್ಡದ್ದು. ಅಪ್ಪ ಹೋದ ಮೇಲೂ ಅವ್ವ ಬಿಡಲಿಲ್ಲ. ನಾನು ಪತ್ರ ಬರೆದ ವರ್ಷಕ್ಕೆ ಹಿಂದಿನ ಎರಡು ವರ್ಷ ಮಾತ್ರ ಮೊಳಕಾಲು ನೋವಿನಿಂದ ಹಾಸಿಗೆ ಬಿಟ್ಟು ಏಳದೆ ತಪ್ಪಿತ್ತು. ಎರಡು ಹಬ್ಬದ ದಿನವೂ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಊಟ ಮಾಡಲಿಲ್ಲ.

ಆ ವರ್ಷ ಎಳ್ಳ ಅಮಾಸಿ ರವಿವಾರ ಬಂತು. ಹಿಂದಿನ ದಿನವೇ ಅವ್ವ ಗೋಡೆ ಹಿಡಿದು ಪಡಸಾಲೆಯ ತುಂಬ ಅಡ್ಡಾಡಿ ತೋರಿಸಿ, "ಈ ಸಲ ನಾ ಹೊಂಟೆ. ಮುಂದಿನ ಸಲದ್ದ ಯಾರ ಕಂಡಾರ? ನಿಮ್ಮಪ್ಪಗ ನಾ ಏನಂತ ಹೇಳ್ಲಿ ಅಲ್ಲಿ ಹೋಗಿ?" ಎಂದಳು. ನನಗೆ ಖುಷಿಯೋ ಖುಷಿ. ಟಂಟಂ ಗಾಡಿ ಗೊತ್ತು ಮಾಡಿದೆ. ಶಾಂತಾ ನಸುಕಿನಲ್ಲೆದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಎಣಗಾಯಿ, ಹೋಳಿಗೆ, ಮೊಸರಬುತ್ತಿ ಮಾಡಿದಳು. ಎಲ್ಲದರ ಚೂರನ್ನೂ ಅವ್ವ ತನ್ನ ಕೈಯಾರೆ ಕಲಸಿ ಬುಟ್ಟಿ ತುಂಬಿದಳು. ಆ ಬುಟ್ಟಿಯನ್ನು ಗಾಡಿಯಲ್ಲಿ ಇಟ್ಟವನು ನಾನು. ದಾರಿಯುದ್ದಕ್ಕೂ ಅಲುಗಾಡದಂತೆ ತೊಡೆಯ ಮೇಲೆ ಹಿಡಿದುಕೊಂಡವನು ನಾನು. ನೀವು ನಂಬುವುದಿಲ್ಲ, ಬೆಟಗೇರಿಯಿಂದ ಗುಡ್ಡದವರೆಗೆ ಒಂದು ಸಲವೂ ನನಗೆ ಹೊಳೆಯಲಿಲ್ಲ. ನನ್ನ ಪತ್ರದಲ್ಲಿದ್ದುದು ಹುಬ್ಬಳ್ಳಿಯವರ ಬಿಸ್ಕೀಟು. ಇದು ಚರಗ. ಎರಡೂ ಒಂದೇ ತಲೆಯಲ್ಲಿ ಇದ್ದವು, ಆದರೆ ಬೇರೆ ಬೇರೆ ಕೋಣೆಯಲ್ಲಿ, ನಡುವೆ ಬಾಗಿಲಿರಲಿಲ್ಲ.

ಗುಡ್ಡದ ಬುಡದಲ್ಲಿ ಇಳಿದಾಗ ಅವ್ವನ ಮೊಳಕಾಲಿಗೆ ಅದೆಲ್ಲಿಂದ ಬಲ ಬಂತೋ. ಶಾಂತಾ ರಟ್ಟೆ ಹಿಡಿದಿದ್ದಳು, ಅವ್ವ ಬುಟ್ಟಿಗೆ ಕೈ ಹಾಕಿ ಎರಚುತ್ತ ಹುಲ್ಲಿನ ನಡುವೆ ನಡೆದಳು. ನಾನು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ, ಕಚೇರಿಯ ಕಾಂಪೌಂಡಿನಾಚೆಗೂ ಕೇಳಿಸುವ ನನ್ನ ದನಿಯಲ್ಲಿ "ಹುಲಿಗ್ಯೋ! ಹುಲಿಗ್ಯೋ!" ಎಂದು ಕೂಗುತ್ತ ಹೋದೆ. ಮಂಗಗಳಿಗೆ ಇನ್ನೇನು ಬೇಕು? ಸುತ್ತಲಿನ ಗಿಡಗಳಿಂದ ಧುಮುಕಿದವು. ಒಂದರ ಎರಡೂ ಕೈಯಲ್ಲಿ ಕಡುಬು, ಇನ್ನೊಂದರ ಬಾಯಲ್ಲಿ ಹೋಳಿಗೆ. ನಾಲ್ಕು ನವಿಲೂ ಬಂದವು. ಅವ್ವನ ಮುಖ ಅರಳಿತ್ತು. "ನೋಡೋ ತಮ್ಮಾ, ಎರಡ ವರ್ಷದ ಹಸಿವ್ಯಾಗ ಅದಾವು" ಎಂದಳು. ನನಗೂ ಕಣ್ಣು ತುಂಬಿ ಬಂತು.

ಆಗ ಹಿಂದಿನಿಂದ ಯಾರೋ ಕೂಗಿದರು: "ಏ ವಾಚರಪ್ಪಾ, ನಮಗೊಂದು ಕಾಯಿದೆ, ಇವರಿಗೊಂದು ಕಾಯಿದೆ ಏನ್ರೀ? ಎರಡ ಬಿಸ್ಕೀಟಿಗೆ ನನ್ನ ಕಡೆ ಸಹಿ ಮಾಡಿಸಿಕೊಂಡ್ರಿ. ಅಲ್ಲಿ ಬುಟ್ಟಿಗಟ್ಟಲೆ ನಡದೈತಿ ನೋಡ್ರಿ!" ತಿರುಗಿ ನೋಡಿದರೆ ಕರಿಕನ್ನಡಕದ ಒಬ್ಬ ಹುಬ್ಬಳ್ಳಿಯವನು, ಅವನ ಪಕ್ಕದಲ್ಲಿ ಕೈಯಲ್ಲಿ ತಪ್ಪೊಪ್ಪಿಗೆಯ ಪ್ಯಾಡು ಹಿಡಿದ ಹುಸೇನಸಾಬ. ಹುಸೇನಸಾಬನ ಮುಖದಲ್ಲಿ ಬೆವರು. ನನಗೆ ತಟ್ಟನೆ ಸಿಟ್ಟು ಬಂತು. "ಇದು ಚರಗ ಹುಸೇನಸಾಬ್! ಭೂಮಿತಾಯಿಗೆ ಚೆಲ್ಲೂದು, ಮಂಗ್ಯಾಗಲ್ಲ. ಇವನಿಗೆ ತಿಳಿಸಿ ಹೇಳು" ಎಂದು ಗುಡುಗಿದೆ. ಕನ್ನಡಕದವನು ಕಡುಬು ತಿನ್ನುತ್ತಿದ್ದ ಮಂಗನನ್ನು ನೋಡಿ, "ಭೂಮಿತಾಯಿಗೆ ಬಾಲಾ ಯಾವಾಗ ಬಂತ್ರೀ?" ಎಂದ. ಅವನ ಸಂಗಡಿಗರು ನಕ್ಕರು.

"ಮಾಸ್ತರ್ರ," ಎಂದು ಹುಸೇನಸಾಬ ಹತ್ತಿರ ಬಂದು ದನಿ ತಗ್ಗಿಸಿದ, "ಚರಗ ಅನ್ನೂದು ನನಗ ಗೊತ್ತಿಲ್ಲೇನ್ರೀ? ಮುಂಜಾನಿ ನಮ್ಮ ಹೊಲದಾಗ ನಾವೂ ಚೆಲ್ಲಿ ಬಂದೇವಿ. ಆದ್ರ ಇಲ್ಲಿ ಕಾಗದದಾಗ ನೋಡ್ರಿ." ಅವನ ಬೆರಳು ಸಾಲಿನಿಂದ ಸಾಲಿಗೆ ಹೋಯಿತು. ಒಗೆಯುವುದಾಗಲಿ, ಇಡುವುದಾಗಲಿ, ಬಿಡುವುದಾಗಲಿ, ಚೆಲ್ಲುವುದಾಗಲಿ. ಚೆಲ್ಲುವುದು ಇತ್ತು. ದೇವರ ಹೆಸರಿನಲ್ಲಾಗಲಿ, ಹಿರಿಯರ ಹೆಸರಿನಲ್ಲಾಗಲಿ, ಹಬ್ಬಹರಿದಿನದ ನೆಪದಲ್ಲಾಗಲಿ. ದೇವರು, ಅಪ್ಪ, ಎಳ್ಳ ಅಮಾಸಿ, ಮೂರೂ ಇದ್ದರು. ತಾವೇ ಆಗಲಿ, ಮನೆಯವರ ಮೂಲಕವಾಗಲಿ. ನಾನೂ ಇದ್ದೆ. ಇಪ್ಪತ್ತೈದು ವರ್ಷ ಎಂಥೆಂಥ ಕಾಗದಗಳಲ್ಲಿ ಸಂದಿ ಹುಡುಕಿಕೊಟ್ಟವನು ನಾನು. ಆ ಪತ್ರವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಒಂದು ಸಂದಿಯೂ ಸಿಗಲಿಲ್ಲ. ಬರೆದ ದರಿದ್ರದವನ ಮೇಲೆ ನನಗೆ ವಿಪರೀತ ಸಿಟ್ಟು ಬಂತು. "ಆತು ಕೊಡು, ನಾನ ಸಹಿ ಮಾಡತೀನಿ. ಅವ್ವಗ ತೋರಸಬ್ಯಾಡ" ಎಂದು ಪ್ಯಾಡಿಗೆ ಕೈ ಹಾಕಿದೆ.

"ಏನದು? ನನ್ನ ಕೈಯಾಗ ಕೊಡೋ ಇಲ್ಲೆ" ಎಂದು ಅವ್ವ ಅಷ್ಟರಲ್ಲಿ ಬಂದೇಬಿಟ್ಟಳು. ಅವ್ವ ನಾಲ್ಕನೆಯ ಇಯತ್ತೆ ಓದಿದವಳು. ದಿನಾ ಬೆಳಗ್ಗೆ ಪುರಾಣದ ಪುಟ ಓದದೆ ಚಹಾ ಮುಟ್ಟದವಳು. ಸೀರೆಯ ಸೆರಗಿನಿಂದ ಚಾಳೀಸು ಒರೆಸಿ ಹಾಕಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ, ಅಕ್ಷರ ಅಕ್ಷರವಾಗಿ ಓದತೊಡಗಿದಳು. ಪುರಾಣ ಓದುವ ರಾಗದಲ್ಲೇ. ಮಂಗನಿಗಿರುವಷ್ಟು ವಿವೇಕವಿಲ್ಲದೆ. ತಿಳಿಗೇಡಿಯಾಗಿರುತ್ತೇನೆ. "ನನ್ನನ್ನು ಹೆತ್ತವರು" ಎಂಬಲ್ಲಿ ಬಂದು ಆಕೆಯ ಬೆರಳು ನಿಂತಿತು. ಆ ಸಾಲನ್ನು ಎರಡು ಸಲ ಓದಿದಳು.

"ನಮ್ಮವ್ವಾ ನಮ್ಮಪ್ಪಾ ನನಗ ಏನ ಕಲಸಲಿಲ್ಲಂತ?" ಎಂದು ಹುಸೇನಸಾಬನನ್ನು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದೇ ಕೇಳಿದಳು. ಹುಸೇನಸಾಬ ನೆಲ ನೋಡಿದ. "ಚರಗಾ ಚೆಲ್ಲಾಕ ಕಲಿಸಿದಾಕಿ ನಮ್ಮವ್ವನ. ಆಕಿ ಹೋಗಿ ಐವತ್ತ ವರ್ಷಾತು. ಆಕಿನ್ಯಾಕ ಬೈತಾನ್ಪಾ ಇಂವಾ?" ಅವ್ವ ಚಾಳೀಸಿನ ಮೇಲಿನಿಂದ ನೋಡಿ, "ಇದನ್ನ ಬರದಾಂವಗ ತಾಯಿ ಅದಾಳೇನು?" ಎಂದಳು.

"ಅದಾಳ್ರೀ ಅಮ್ಮಾರ" ಎಂದ ಹುಸೇನಸಾಬ.

"ಪಾಪ" ಎಂದಳು ಅವ್ವ. ತಿನಿಸಿನ ಆಸೆಗೆ ಮಂಗಗಳು ರಸ್ತೆಗೆ ಬಂದು ಗಾಲಿಗೆ ಸಿಗುವುದನ್ನು ಹುಸೇನಸಾಬ ನಾಲ್ಕು ಮಾತಿನಲ್ಲಿ ಹೇಳಿದ. ಕೇಳಿಸಿಕೊಂಡು ಅವ್ವ ಪೆನ್ನು ಇಸಿದುಕೊಂಡು, ನಾನು ತಡೆಯುವಷ್ಟರಲ್ಲಿ, ಕೆಳಗೆ ದುಂಡಗೆ ತನ್ನ ಹೆಸರು ಬರೆದಳು. "ಮಂಗ್ಯಾಗೋಳು ರಸ್ತೇಕ ಬಂದು ಸಾಯತಾವು ಅಂತ ಮೊದಲ ಹೇಳಿದ್ರ ನಾ ಚೆಲ್ಲತಿದ್ದಿಲ್ಲ. ಬಾಯಿ ಮಾತಿನ್ಯಾಗ ಹೇಳಿದ್ರ ತಿಳೀತಿತ್ತಪಾ ನನಗ." ಇಷ್ಟು ಹೇಳಿ ಬುಟ್ಟಿ ನೋಡಿದಳು. ಅರ್ಧ ಉಳಿದಿತ್ತು. ಉಳಿದದ್ದನ್ನು ವಾಪಸು ಒಯ್ಯುವ ಪದ್ಧತಿ ಚರಗಕ್ಕಿಲ್ಲ. ಎರಡು ವರ್ಷ ಗೋಡೆ ನೋಡಿ ಮಲಗಿದವಳು ಮೂರನೆಯ ವರ್ಷವೂ ಅರ್ಧ ಬುಟ್ಟಿ ಹೊತ್ತು ಮನೆಗೆ ಹೋಗಬೇಕು. ಬಗೆಹರಿಸಬೇಕಾದ ನಾನು ತಂಬಿಗೆ ಹಿಡಿದು ಮರದಂತೆ ನಿಂತಿದ್ದೆ. ಅರ್ಜಿ ಬರೆಯೋಣವೆಂದರೆ ಯಾರಿಗೆ ಬರೆಯಬೇಕು?

ಹುಸೇನಸಾಬನೇ ಬಂದು ಬುಟ್ಟಿಗೆ ಕೈ ಕೊಟ್ಟ. "ಬರ್ರಿ ಅಮ್ಮಾರ. ಆ ಗಡಿಕಲ್ಲು ಕಾಣತೈತಲ್ಲ, ಅದರಾಚಿಗೆ ನಮ್ಮ ಎರಡ ಎಕರೆ ಹೊಲ ಐತಿ. ಜ್ವಾಳ ನಿಂತೈತಿ. ಅಲ್ಲಿ ಚೆಲ್ಲರಿ ಉಳದಿದ್ದು. ಗುಡ್ಡಾನೂ ನೋಡತಿರತೈತಿ. ಗಡಿಕಲ್ಲಿನಾಚಿಗೆ ನಿಮ್ಮ ಮಗನ ಕಾಯಿದೆ ನಡಿಯೂದಿಲ್ಲ" ಎಂದ.

ಬಾಯಿ ತಪ್ಪಿ ಬಂದ ಮಾತು. ಬಂದ ಕೂಡಲೇ ಅವನೇ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಶಾಂತಾ ಗುಡ್ಡದ ತುದಿಯ ಗಾಳಿಯಂತ್ರಗಳನ್ನು ಎಣಿಸುವವಳಂತೆ ಅತ್ತ ತಿರುಗಿದಳು. ಅವ್ವ ಒಂದು ಸಲ ನನ್ನ ಮುಖ ನೋಡಿದಳು. ಜೋಳದ ಸಾಲಿನಲ್ಲಿ ಬುಟ್ಟಿ ಖಾಲಿಯಾಗುವವರೆಗೆ ಎರಚಿದಳು. ಹಿಂದೆ ನೀರು ಹಾಕುತ್ತ ಕೂಗಿದವನು ಹುಸೇನಸಾಬ. ಮುಂದಿನ ವರ್ಷವೂ ಇಲ್ಲಿಗೇ ಬರುವುದೆಂದು ಅವರಿಬ್ಬರೇ ಮಾತಾಡಿಕೊಂಡು ನಿಕ್ಕಿ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನವೇ ನಾನು ಪತ್ರವನ್ನು ಬದಲಿಸಿದೆ. ಈಗ ಅದರಲ್ಲಿ ಎರಡೇ ಸಾಲು: ತಿನಿಸು ಹಾಕಿದರೆ ಮಂಗಗಳು ರಸ್ತೆಗೆ ಬಂದು ಸಾಯುತ್ತವೆ, ಇನ್ನು ಮುಂದೆ ಹಾಕುವುದಿಲ್ಲ. ಬರೆದದ್ದರಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. ನನ್ನ ಗಿರಾಕಿಗಳು ಓದಿದರೆ ಎದ್ದು ಬೇರೆಯವರ ಟೇಬಲ್ಲಿಗೆ ಹೋಗುತ್ತಾರೆ. ಆದರೆ ಹಳೆಯ ಪತ್ರದ ಕೊನೆಯಲ್ಲಿ, ಸಿಟ್ಟು ನೆತ್ತಿಗೇರಿದ ಒಂದು ಗಳಿಗೆಯಲ್ಲಿ, ನಾನು ಇನ್ನೊಂದು ಮಾತು ಸೇರಿಸಿದ್ದೆ. ಈ ಪತ್ರದ ಪ್ರತಿಯನ್ನು ತಪ್ಪು ಮಾಡಿದವರು ತಮ್ಮ ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಒಂದು ವರ್ಷ ಅಂಟಿಸಿಕೊಂಡಿರತಕ್ಕದ್ದು ಎಂದು. ಹುಬ್ಬಳ್ಳಿಯವರು ಯಾರೂ ಅಂಟಿಸಿಕೊಂಡಿರಲಿಕ್ಕಿಲ್ಲ. ಅವ್ವ ಸಹಿ ಮಾಡಿದ ಮೇಲೆ ಮಾತಿಗೆ ತಪ್ಪುವವಳಲ್ಲ. ಮನೆಗೆ ಬಂದವಳೇ ತನ್ನ ಪ್ರತಿಯನ್ನು ಅಡಿಗೆಮನೆಯಲ್ಲಿ, ನಾನು ಊಟಕ್ಕೆ ಕೂಡುವ ಜಾಗದ ಎದುರಿನ ಗೋಡೆಗೆ, ಮೈದಾ ಹಿಟ್ಟಿನ ಅಂಟು ಕಾಯಿಸಿ ಅಂಟಿಸಿದ್ದಾಳೆ. ತೆಗೆಯೋಣವೆಂದು ಒಂದು ದಿನ ಉಗುರು ಹಾಕಿ ನೋಡಿದೆ, ಗೋಡೆಯ ಸುಣ್ಣ ಬಂತು, ಕಾಗದ ಬರಲಿಲ್ಲ. ಮೂರು ಹೊತ್ತೂ ಅದನ್ನು ಓದಿಕೊಂಡೇ ಊಟ ಮಾಡುತ್ತೇನೆ. ಮನೆಗೆ ಬಂದವರೆಲ್ಲ ಅದನ್ನು ಓದುತ್ತಾರೆ, ಓದಿ ಅವ್ವನನ್ನು ಕೇಳುತ್ತಾರೆ, ಅವ್ವ ಯಾರ ಹೆಸರನ್ನೂ ಹೇಳುವುದಿಲ್ಲ.

ನಿನ್ನೆ ಮಧ್ಯಾಹ್ನ ನನಗೆ ರೊಟ್ಟಿ ಬಡಿಸಿ, ಅವ್ವ ಗೋಡೆಯ ಕಡೆ ನೋಡುತ್ತ ಕೇಳಿದಳು: "ತಮ್ಮಾ, ಇದನ್ನ ಬರದಾಂವ ಈಗರ ಒಂದೀಟು ಸುಧಾರಿಸ್ಯಾನೇನು?"

ಬಾಯಲ್ಲಿ ತುತ್ತಿದೆ ಎಂದು ಕೈಸನ್ನೆ ಮಾಡಿ ತೋರಿಸಿದೆ.